ಕೌದಿಯೊಳಗಿನಿಂದ ಬಂದ ‘ಹೂಂ’

ಮಣ್ಣು ಮಾಡಿ ಬಂದ ಮರುದಿನ ಅವ್ವ ಓಗೊಟ್ಟರೆ ಮಗಳಿಗೆ ಹೇಗಾಗಬೇಡ?

ಹೋದ ವಾರ, ಮಟಮಟ ಮಧ್ಯಾಹ್ನ, ನನ್ನ ಕಣ್ಣೆದುರೇ ಆಗಿದ್ದು. ನಮ್ಮ ಕಡೆಯದೇ ಒಂದು ಆಸ್ಪತ್ರೆ. (ಹೆಸರು ಬೇಡ. ನಾಳೆ ನಾನೂ ಅಲ್ಲಿಗೇ ಹೋಗಬೇಕಾದವನು.)

ಸದಲಗಾದ ನಮ್ಮ ಸೋದರತ್ತೆ ಪದ್ಮವ್ವನಿಗೆ ಜ್ವರ. ಬೆಳಗ್ಗೆ ಅಡ್ಮಿಟ್ ಮಾಡಿದ್ದೆವು. ತಲೆತುಂಬ ಕೌದಿ ಹೊದ್ದು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ.

ಯಡೂರಿನ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, “ತಂಗೆವ್ವನ ಮಗಳರಿ. ಅವ್ವನ ಚಾದರ ಇಲ್ಲೇ ಉಳದೈತಿ” ಅಂದಳು.

ರಜೆ ಮುಗಿಸಿ ಆಗಷ್ಟೇ ಡ್ಯೂಟಿಗೆ ಬಂದಿದ್ದ ಸಿಸ್ಟರ್ ನಮ್ಮ ಮಂಚ ತೋರಿಸಿದಳು. “ಹೋಗ್ರಿ, ನಿಮ್ಮವ್ವ ಅಲ್ಲೇ ಮಲಗ್ಯಾರ.”

ಆ ಹೆಣ್ಣುಮಗಳ ಮುಖ ಬಿಳಿಚಿತು. ಮೆಲ್ಲಗೆ ಬಂದು ಮಂಚದ ಕಾಲದೆಸೆಯಲ್ಲಿ ನಿಂತಳು. ತಲೆದೆಸೆಯಲ್ಲಿ ತೂಗುಹಾಕಿದ್ದ ಪಾಟಿಯ ಮೇಲೆ ಬಳಪದಲ್ಲಿ ‘ತಂಗೆವ್ವ’ ಎಂದೇ ಇತ್ತು.

“ಅವ್ವಾ...”

“ಹೂಂ” ಅಂದಿತು ಕೌದಿ.

ಇದು ನಮ್ಮತ್ತೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲೇ ಇಷ್ಟಾಗಿತ್ತು. ಆಕೆ ಚೀರಲಿಲ್ಲ, ಓಡಲಿಲ್ಲ. ಕೌದಿ ಸರಿಸಲು ಚಾಚಿದ ಕೈ ಅರ್ಧಕ್ಕೇ ನಿಂತಿತು. ಅದರೊಳಗೆ ಯಾರಿರಲಿ ಎಂದು ಬೇಡಿಕೊಂಡಳೋ, ಯಾರಿರಬಾರದೆಂದು ಬೇಡಿಕೊಂಡಳೋ?

ಅಷ್ಟರಲ್ಲಿ ಸಿಸ್ಟರ್ ಗಾಜಿನ ಸಿರಿಂಜ್ ಹಿಡಿದು ಬಂದಳು. “ತಂಗೆವ್ವ, ಕೈ ಚಾಚ್ರಿ.”

ಅತ್ತೆಯ ಕೈ ಹೊರಬಂತು. ಕೈತುಂಬ ಹಸಿರು ಬಳೆ.

“ನಮ್ಮವ್ವ ಬಳಿ ಹಾಕ್ತಿದ್ದಿಲ್ರಿ,” ಅಂದಳು ಮಗಳು. “ಆಕಿನ್ನ ನಿನ್ನಿ ಮಣ್ಣ ಮಾಡೀವಿ.”

ಸಿರಿಂಜ್ ಹಿಂದೆ ಸರಿಯಿತು. ಅದರಲ್ಲಿದ್ದದ್ದು ತಂಗೆವ್ವನ ಹೃದಯದ ಔಷಧ. ಅತ್ತೆಗೆ ಚುಚ್ಚಿದ್ದರೆ? ಸುದ್ದಿ ಕೇಳಿ ಬಂದ ಡಾಕ್ಟರನ್ನು ಕೇಳಿದೆ. ಅವರು ಪಾಟಿಯ ಮೇಲಿನ ಹೆಸರು ಒರೆಸಿದರು.

ಹೋಗುವಾಗ ಆ ಮಗಳು ಅತ್ತೆಯ ಹಣೆ ಮುಟ್ಟಿ ನೋಡಿ ಹೋದಳು.

ಸಿಸ್ಟರ್ ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. “ಆಕಿನ್ನ ತಗದ್ರ ಏನಾತ್ರಿ? ಪಾಟಿ ಒರಸದಾವ್ರು, ಆಕಿಗೆ ತಂಗೆವ್ವ ಹೋದ ಸುದ್ದಿ ಹೇಳದಾವ್ರು ಇಲ್ಲೇ ಇರ್ತಾರಲ್ಲ. ಅದರಾಗ ನಾನೂ ಒಬ್ಬಾವ.”

ಸಂಜೆ ಎಲ್ಲರನ್ನೂ ಕೂರಿಸಿಕೊಂಡರು. ಬೈಗುಳವಿಲ್ಲ. ಎಲ್ಲಿ ತಪ್ಪಿತು ಎಂದು ಒಬ್ಬೊಬ್ಬರೂ ಹೇಳಬೇಕು, ಮೊದಲು ಅವರೇ ಹೇಳಿದರು. ಈಗ ಡ್ಯೂಟಿ ಬದಲಾಗುವಾಗ ಹೋಗುವವಳು, ಬರುವವಳು ಇಬ್ಬರೂ ಪ್ರತಿ ಮಂಚದ ಮುಂದೆ ನಿಲ್ಲುತ್ತಾರೆ. ಹೆಸರನ್ನು ರೋಗಿಯ ಬಾಯಿಂದಲೇ ಕೇಳುತ್ತಾರೆ. (ಎಷ್ಟು ಸಣ್ಣ ಕೆಲಸ! ಯಾಕೆ ಯಾರಿಗೂ ಹೊಳೆದಿರಲಿಲ್ಲ?)

ಅತ್ತೆ ಗುಣವಾಗಿದ್ದಾಳೆ. ಯಾಕೆ ಹೂಂ ಅಂದಿ ಎಂದರೆ, “ಯಾರೋ ಅವ್ವಾ ಅಂದ್ರು. ಹೂಂ ಅನ್ನದ ಹೆಂಗ ಇರಲಿ?” ಅಂತಾಳೆ.

ಡಾಕ್ಟರು ಮುಂದಿನ ತಿಂಗಳು ಈ ಆಸ್ಪತ್ರೆ ಬಿಟ್ಟು ಮಿರಜಕ್ಕೆ ಹೊರಟಿದ್ದಾರೆ. ಅವರು ಕಲಿಸಿದ್ದು ಇಲ್ಲಿ ಉಳಿಯುತ್ತದೋ, ಅವರ ಹಿಂದೆಯೇ ಬಸ್ಸು ಹತ್ತುತ್ತದೋ?