ಸೂಜಿ ಹಿಡಿಯಲು ಕಲಿಸಿದವರು

ಗೋವಾದ ಮಂಗೋರ್ ಹಿಲ್‌ನ ನಮ್ಮ ಮನೆಯ ಬಾಗಿಲು ಮಳೆಗೆ ಉಬ್ಬಿಕೊಂಡಿತ್ತು. ಮೊನ್ನೆ ಬಡಿಗ ಬಂದು ಅದರ ಅಂಚು ಹೆರೆದ. ತೇವದ ಕಟ್ಟಿಗೆಯ ಹೊಟ್ಟಿನ ವಾಸನೆ ಅಡುಗೆಮನೆಯವರೆಗೂ ಬಂತು. ಚಹಾದ ಕಪ್ಪು ಹಿಡಿದವಳು ಅಲ್ಲೇ ಕುಳಿತುಬಿಟ್ಟೆ... ಪ್ರಯೋಗಾಲಯದಲ್ಲಿ ಬಿಳಿ ಇಲಿಗಳ ಪಂಜರಕ್ಕೆ ಹಾಸುತ್ತಿದ್ದ ಹೊಟ್ಟಿಗೂ ಇದೇ ವಾಸನೆ. ಅದರ ಹಿಂದೆಯೇ ನಮ್ಮ ಮೇಡಂ ನೆನಪಾದರು.

ಅವರು ಧಾರವಾಡದವರು. ನಾನು ಗೋವಾದಲ್ಲಿ ಸಂಶೋಧನೆಗೆ ಸೇರಿದಾಗ ನನ್ನ ಗೈಡ್ ಆಗಿದ್ದರು. ಮೇದೋಜೀರಕದ ಕ್ಯಾನ್ಸರಿಗೆ ಒಂದು ಔಷಧ ನಾಟುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ಮೊದಲು ಇಲಿಯ ಮೇದೋಜೀರಕದಲ್ಲೇ ಗಡ್ಡೆ ಬೆಳೆಯಬೇಕು. ಅರಿವಳಿಕೆ ಕೊಟ್ಟ ಇಲಿಯ ಎಡಪಕ್ಕೆಯನ್ನು ತುಸು ಸೀಳಿ, ಆ ತೆಳು ಗ್ರಂಥಿಯನ್ನು ಮೆಲ್ಲಗೆ ಹೊರತಂದು, ಅದರೊಳಗೆ ಕ್ಯಾನ್ಸರ್ ಕೋಶಗಳ ಒಂದು ಹನಿ ಬಿಡುವುದು. ಸರಿಯಾಗಿ ಬಿದ್ದರೆ ಅಲ್ಲೊಂದು ತಿಳಿಯಾದ ಗುಳ್ಳೆ ಏಳುತ್ತದೆ. ಸೋರಿದರೆ ಕೋಶಗಳು ಹೊಟ್ಟೆಯ ತುಂಬ ಹರಡಿ, ಆ ಇಲಿಯಿಂದ ಏನೂ ತಿಳಿಯುವುದಿಲ್ಲ.

ಮೇಡಂ ಸೂಜಿ ಹಿಡಿದರೆ ಕೋಣೆಯೇ ಮಂಪರಿಗೆ ಜಾರಿದಂತಿರುತ್ತಿತ್ತು. ಹೊರಗಿನ ಮಳೆಯೂ ದೂರವಾಗುತ್ತಿತ್ತು. ದೀಪದ ಕೆಳಗೆ ಗುಳ್ಳೆ ಎದ್ದು ಮಿನುಗಿದ ಮೇಲೂ ಅವರ ಕೈ ಹಾಗೇ ನಿಂತಿರುತ್ತಿತ್ತು.

“ಅವಸರ ಮಾಡಬ್ಯಾಡವ್ವಾ. ಸೂಜಿ ಲಗೂನ ತಗದ್ರ ಅದರ ಬೆನ್ನ ಹತ್ತಿ ಎಲ್ಲಾ ಹೊರಗ ಬರ್ತದ,” ಎನ್ನುತ್ತಿದ್ದರು.

ಹೊಲಿಗೆ ಹಾಕಿ, ಇಲಿಯನ್ನು ಬೆಚ್ಚನೆಯ ಹಾಸಿನ ಮೇಲೆ ಮಲಗಿಸಿ, ಅದು ಎದ್ದು ಮೀಸೆ ಒರೆಸಿಕೊಳ್ಳುವವರೆಗೆ ಅವರು ಊಟಕ್ಕೆ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಹಿಡಿದ ಸೂಜಿಯ ತುದಿ ಅಲುಗಿತು. ಗುಳ್ಳೆ ಒಡೆಯಿತು. ಕೋಣೆಯಲ್ಲಿದ್ದವರು ನಾವಿಬ್ಬರೇ.

“ಭಾಳೇನ್ ಸೋರಿಲ್ರೀ ಮೇಡಂ,” ಎಂದೆ.

“ಸೋರೇತಿ. ಈ ಇಲಿ ಪ್ರಯೋಗಕ್ಕ ಬ್ಯಾಡ. ನನ್ನ ಕೈತಪ್ಪು ಅಂತನ ಬರಿ.” ಕೈಗವಸು ಕಳಚಿದರು. “ಕೈ ನಡಗಾಕತ್ತಾವ. ಡಾಕ್ಟರಿಗೆ ತೋರ್ಸೇನಿ, ಇದು ಹೋಗೂದಲ್ಲಂತ. ಇನ್ನ ಮ್ಯಾಲೆ ನೀನ ಹಾಕು.”

ಸಿರಿಂಜನ್ನು ನನ್ನ ಕೈಗಿಟ್ಟು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತರು. ಇಷ್ಟು ವರ್ಷ ಅವರದಾಗಿದ್ದ ಕೆಲಸವನ್ನು ಕಿತ್ತುಕೊಂಡಂತೆನಿಸಿತು. ಮುಂದಿನ ಇಲಿಗೆ ಹನಿ ಬಿಟ್ಟೆ. ಗುಳ್ಳೆ ಎದ್ದಿತು, ನಿಂತಿತು... ನನ್ನ ಕಿವಿಯ ಬಳಿ ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು.

ಮರುವರ್ಷ ಕೆಲಸ ಬಿಟ್ಟು ಧಾರವಾಡಕ್ಕೆ ಹೋದರು. ಫಲಿತಾಂಶ ಬಂದ ದಿನ ಫೋನ್ ಮಾಡಿದೆ. ಅವರ ಮಗಳು ಫೋನನ್ನು ಅವರ ಕಿವಿಗೆ ಹಿಡಿದಳು.

“ಔಷಧ ಕೊಟ್ಟ ಇಲಿಗಳೊಳಗ ಗಡ್ಡಿ ಸಣ್ಣ ಆಗ್ಯಾವ್ರಿ.”

“ಚಲೋ ಆತು,” ಎಂದರು. “ನಾ ಅಲ್ಲಿ ಇರಬೇಕಾಗಿತ್ತವ್ವಾ...”

“ಹೌದ್ರಿ” ಎಂದೆ. ಅದೇ ಕೊನೆಯ ಮಾತಾಯಿತು. ಚಳಿಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಈಗಲೂ ಆಗಾಗ ಧಾರವಾಡಕ್ಕೆ ಹೋಗುತ್ತೇನೆ. ಅವರ ಮನೆಯಲ್ಲಿ ಬೇರೆ ಯಾರೋ ಇದ್ದಾರಂತೆ. ಆ ಓಣಿ ಹತ್ತಿರವಾದಾಗ ಸುತ್ತು ಹಾಕಿಕೊಂಡು ಹೋಗಲು ಆಟೋದವನಿಗೆ ಹೇಳುತ್ತೇನೆ. ಅವರಿಲ್ಲವೆಂದು ಗೊತ್ತು. ಅವರ ಅಂಗಳದಲ್ಲಿ ಬೇರೆಯವರ ಬಟ್ಟೆ ಒಣಗುವುದನ್ನು ನೋಡಲು ಮಾತ್ರ ಇನ್ನೂ ಮನಸ್ಸಾಗಿಲ್ಲ.