ಮಂಚದ ಆಚೆ ಬದಿ

ಬಾಳ್ಳುಪೇಟೆ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ನಾನು ನರ್ಸ್ ಆಗಿ ಸೇರಿದಾಗ ಅಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದರು. ಡ್ಯೂಟಿ ವಿಷಯಕ್ಕೆ ನಾವು ಜಗಳವಾಡಿಕೊಂಡರೆ ತಪ್ಪು ಯಾರದೆಂದು ಅವರು ಕೇಳುತ್ತಿರಲಿಲ್ಲ. ಒಗೆದ ಬೆಡ್‌ಶೀಟ್ ತಂದು, ಜಗಳವಾಡಿದ ಇಬ್ಬರನ್ನೂ ಮಂಚದ ಆಚೆ ಈಚೆ ನಿಲ್ಲಿಸುತ್ತಿದ್ದರು.

"ಮೊದ್ಲು ಮೂಲೆ ಹಿಡ್ಕಳ್ರವ್ವ, ಮಾತು ಆಮೇಕೆ."

ಸುಕ್ಕು ಹೋಗಬೇಕಾದರೆ ಇಬ್ಬರೂ ಒಟ್ಟಿಗೆ ಎಳೆಯಲೇಬೇಕು. ಎರಡು ಮೂರು ಮಂಚ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ಮಾತು ಶುರುಮಾಡುತ್ತಿದ್ದರು.

ಇವರ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಇನ್ನೊಬ್ಬ ಸಿಸ್ಟರ್ ಮಾತ್ರ, ಹಿರಿಯ ಹುದ್ದೆ ಇವರಿಗೆ ಸಿಕ್ಕಿದಂದಿನಿಂದ ಇವರೊಡನೆ ಮಾತು ಬಿಟ್ಟಿದ್ದರು. ಅದಕ್ಕೆ ಮುಂಚೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರಂತೆ.

ತಮ್ಮ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಮೇಲೂ ಹಿರಿಯ ಸಿಸ್ಟರ್ ವಾರ್ಡಿಗೆ ಬಂದರು. ಖಾಲಿ ಮಂಚವೊಂದರ ಮೇಲೆ ಬೆಡ್‌ಶೀಟ್ ಹರವಿ, ಈಚೆ ಬದಿಯ ಮೂಲೆಗಳನ್ನು ಹಿಡಿದು ಸುಮ್ಮನೆ ನಿಂತರು. ಆ ಸಿಸ್ಟರ್ ಪಕ್ಕದಲ್ಲೇ ರೋಗಿಯೊಬ್ಬರಿಗೆ ಡ್ರಿಪ್ ಹಾಕುತ್ತಿದ್ದರು. ಇವರತ್ತ ಒಮ್ಮೆ ನೋಡಿ, ಟ್ರೇ ಎತ್ತಿಕೊಂಡು ಹೊರಗೆ ಹೋದರು.

ನಾನು ಬೇಗ ಹೋಗಿ ಆಚೆ ಬದಿಗೆ ಕೈ ಹಾಕಿದೆ.

"ಬಿಡವ್ವ, ಅದು ನಿನ್ ಮೂಲೆ ಅಲ್ಲ," ಎಂದರು.

ಆಮೇಲೆ ತಾವೇ ಮಂಚ ಸುತ್ತಿ ಬಂದು, ಆ ಬದಿಯನ್ನೂ ಎಳೆದು ಸಿಕ್ಕಿಸಿದರು.