ಮೋಗ್ ಸಿನಟ್ ಔಷಧಿ ಹೊಡೆದ ಗೋಧಿ

ವೆಕ್ಸ್‌ಫರ್ಡ್ ಸೀಮೆಯಲ್ಲಿ ಮೂವತ್ತು ವರ್ಷ ಊರವರ ಗೋಧಿಗೆ ಔಷಧಿ ಹೊಡೆದ ಮೋಗ್ ಸಿನಟ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಟ್ರ್ಯಾಕ್ಟರು, ಒಂದು ಒಳ್ಳೆಯ ಹೆಸರು. ಖಾಲಿ ಕ್ಯಾನನ್ನು ಮೂರು ಸಲ ತೊಳೆದು ಆ ನೀರನ್ನೂ ಟ್ಯಾಂಕಿಗೇ ಸುರಿಯುವಷ್ಟು ಕಟ್ಟುನಿಟ್ಟು. ಗಾಳಿ ಎದ್ದರೆ ಎಂಥ ದೊಡ್ಡ ಕುಳದ ಹೊಲವಾದರೂ ಅರ್ಧಕ್ಕೇ ಬಿಟ್ಟು ಬರುವ ಆಸಾಮಿ.

ಅಲ್ಲಿಯ ಮಳೆಗೆ ಗೋಧಿ ಎಲೆಯ ಮೇಲೆ ಕಂದು ಮಚ್ಚೆ ಏಳುವುದು, ಅದರೊಳಗೆ ಕರಿಚುಕ್ಕೆ ಮೂಡುವುದು, ಹನಿ ಸಿಡಿದಂತೆಲ್ಲ ರೋಗ ಮೇಲಿನ ಎಲೆಗೆ ಏರುವುದು ಮೊದಲಿನಿಂದ ಇದ್ದದ್ದೇ. ಆದರೆ ಒಂದು ಹೊಸ ಔಷಧಿ ಬಂತು ನೋಡಿ, ಅದು ಬಿದ್ದ ಹೊಲ ಕೊಯ್ಲಿನ ಹೊತ್ತಿಗೂ ಕಡು ಹಸಿರು! ಜನ ಬೇರೆ ಔಷಧಿಗಳನ್ನು ಮರೆತೇಬಿಟ್ಟರು. ಮೋಗ್ ನಾಲ್ಕೈದು ವರ್ಷ, ಹಂಗಾಮಿಗೆ ಮೂರು ಸಲ, ಒಂದು ಎಲೆ ತಪ್ಪದ ಹಾಗೆ ಅದನ್ನೇ ಹೊಡೆದ.

ಎರಡು ಸಾವಿರದ ಎರಡನೆಯ ಇಸವಿಯ ಜೂನ್‌ನಲ್ಲಿ, ಮೋಗ್ ಔಷಧಿ ಹೊಡೆದಿದ್ದ ಫಿಂಟನ್ ರೋಸಿಟರ್‌ನ ಹೊಲ ಅದೇ ಮಚ್ಚೆ ರೋಗಕ್ಕೆ ಒಣಗಿ ಕಂದಾಯಿತು. ಅದೂ ಚರ್ಚಿನ ರಸ್ತೆಯ ಬದಿಯ ಹೊಲ. ಭಾನುವಾರ ಪೂಜೆಗೆ ಹೊರಟವರು ಅಲ್ಲಿ ಕಾರು ನಿಧಾನ ಮಾಡಿ ಪಕ್ಕದವರ ಬೆಳೆಗೆ ಕಣ್ಣು ಹಾಯಿಸದೆ ಮುಂದೆ ಹೋದವರೇ ಅಲ್ಲ. ಪಾದ್ರಿಯ ಉಪದೇಶ ಮರೆತರೂ ಆ ನೋಟ ಮರೆಯುವುದಿಲ್ಲ.

ಚರ್ಚಿನ ಗೇಟಿನಲ್ಲಿ ಫಿಂಟನ್ ಎಲ್ಲರೆದುರಿಗೇ ಕೇಳಿದ: "ಏನಯ್ಯಾ ಮೋಗ್, ಟ್ಯಾಂಕಲ್ಲಿ ಔಷ್ದಿ ಇತ್ತೋ, ಬರೀ ನೀರು ಚೆಲ್ಲಿ ಬಂದ್ಯೋ?"

ನಾಲ್ಕು ಜನ ನಕ್ಕರು. ಮೋಗ್‌ನ ಕಿವಿ ಕೆಂಪಾಯಿತು. "ನನ್ನ ಅಳತೆ ತಪ್ಪಿದ್ರೆ ಇನ್ನು ಟ್ರ್ಯಾಕ್ಟರ್ ಹತ್ತಲ್ಲ ಕಣೋ!" ಎಂದುಬಿಟ್ಟ.

ಮಾರನೆಯ ದಿನ ಒಂದು ಚೀಲ ಮಚ್ಚೆ ಎಲೆ ಕಿತ್ತು, ಬೆಳೆ ಸಂಶೋಧನಾ ಕೇಂದ್ರದಲ್ಲಿದ್ದ ತಂಗಿಯ ಮಗಳು ಡಿಂಪ್ನಾಳ ಮೇಜಿನ ಮೇಲಿಟ್ಟ. ಮಚ್ಚೆ ರೋಗ ತರುವ ಬೂಷ್ಟನ್ನು ಎಲೆಯಿಂದ ತೆಗೆದು ಬೆಳೆಸಿ ನೋಡಬೇಕು, ಅದು ಬೆಳೆಯುವುದೋ ಬಲು ನಿಧಾನ. ಮೂರು ವಾರ ಹಿಡಿಯಿತು. ಮೂರು ವಾರವೂ ಮೋಗ್ ಪೂಜೆಗೆ ಹೋಗಲಿಲ್ಲ.

ಕರೆ ಬಂದಾಗ ಹೋಗಿ ನೋಡಿದರೆ ಸಾಲಾಗಿ ಗಾಜಿನ ತಟ್ಟೆಗಳು. ಮೊದಲನೆಯದರಲ್ಲಿ ಔಷಧಿಯಿಲ್ಲ, ಮುಂದೆ ಹೆಚ್ಚುತ್ತ ಹೆಚ್ಚುತ್ತ ಕೊನೆಯದರಲ್ಲಿ ವಿಪರೀತ. ಎಲ್ಲ ತಟ್ಟೆಯಲ್ಲೂ ಬೂಷ್ಟು ಒಂದೇ ಸಮ ಹಬ್ಬಿತ್ತು.

"ಹಳೇ ರೋಗ ಆಗಿದ್ರೆ ಎರಡನೇ ತಟ್ಟೇಲೇ ಸಾಯ್ಬೇಕಿತ್ತು, ಮಾವ. ನಿನ್ನ ಅಳತೆ ಸರಿಯಾಗೇ ಇತ್ತು. ಬದಲಾಗಿರೋದು ಇದು."

"ಎಷ್ಟು ಬದಲಾಗಿದೆ?"

"ಇದರ ವಂಶದ ಹಣೆಬರಹದಲ್ಲಿ ಕೋಟಿಗಟ್ಟಲೆ ಅಕ್ಷರ ಇದಾವೆ ಅಂದ್ಕೋ. ಅದ್ರಲ್ಲಿ ಒಂದೇ ಒಂದು."

ಮೋಗ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ನೂಲಿನ ತುಣುಕಿನಂಥವು, ಲೆಕ್ಕವಿಲ್ಲದಷ್ಟು. ಕಣ್ಣಿಲ್ಲ, ಬಾಯಿಲ್ಲ, ಬುದ್ಧಿಯಂತೂ ಇಲ್ಲವೇ ಇಲ್ಲ. ಬುದ್ಧಿವಂತರು ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದ ಔಷಧಿಯನ್ನು ಒಂದಕ್ಷರದಲ್ಲಿ ದಾಟಿ ಕೂತಿವೆ! ತನ್ನ ಹೆಸರು ಉಳಿಯಿತೆಂಬ ಸಂತೋಷ ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲೇ ಇಲ್ಲ. ಗೊತ್ತಿಲ್ಲದೆಯೇ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಇದನ್ನ ಯಾರು ಕಲಿಸಿದ್ರೇ ಇವಕ್ಕೆ?"

"ಯಾರೂ ಕಲಿಸಲ್ಲ ಮಾವ. ಅಷ್ಟು ಕೋಟಿಯಲ್ಲಿ ಎಲ್ಲೋ ಒಂದು ಹಿಂಗೇ ಹುಟ್ಟಿಬಿಡುತ್ತೆ. ಔಷ್ದಿ ಮಿಕ್ಕಿದ್ದನ್ನೆಲ್ಲ ಕೊಂದು ಅದಕ್ಕೆ ಜಾಗ ಬಿಡಿಸಿಕೊಡುತ್ತೆ. ಹೊಡೆಯೋರು ಎಷ್ಟು ಚೊಕ್ಕವಾಗಿ ಹೊಡೀತಾರೋ ಅಷ್ಟೂ ಅದಕ್ಕೆ..." ಡಿಂಪ್ನಾ ಅಲ್ಲಿಗೇ ತುಟಿ ಕಚ್ಚಿಕೊಂಡಳು.

ಮೋಗ್‌ಗೆ ಅಷ್ಟು ಸಾಕಾಗಿತ್ತು.

ಸುದ್ದಿ ಊರಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಭಾನುವಾರ ಫಿಂಟನ್ ಎಲ್ಲರೆದುರಿಗೇ ಬಂದು ಕೈ ಹಿಡಿದುಕೊಂಡ. "ತಪ್ಪು ತಿಳ್ಕೋಬೇಡ ಮಾರಾಯ. ನಾನು ಹಂಗೆ ಅನ್ಬಾರದಾಗಿತ್ತು. ನಿನ್ನ ಕೆಲಸದಲ್ಲಿ ಒಂದು ಚೂರೂ ಕುಂದಿಲ್ವಂತೆ."

"ಒಂದು ಚೂರೂ ಇಲ್ಲ ಕಣೋ," ಎಂದ ಮೋಗ್. "ಆ ಹೊಸ ಬೂಷ್ಟಿನ ಎದುರಾಳಿಗಳನ್ನ ಒಂದನ್ನೂ ಬಿಡದ ಹಾಗೆ ಕೊಂದು, ಇಡೀ ಸೀಮೇನ ಅದಕ್ಕೆ ಬಿಟ್ಟುಕೊಟ್ಟಿದೀನಿ."